ಈ ವರ್ಷ ಕ್ರಿಸ್‌ಮಸ್ ನಮ್ಮ ಮನೆಯಲ್ಲೇ

ಡಿಸೆಂಬರ್ 14, ಶನಿವಾರ

ಬೆಳಗ್ಗೆ ಪೂಜೆ, ರೊಟ್ಟಿ, ಮಕ್ಕಳ ಟಿಫನ್ ಬಾಕ್ಸ್. ಆಮೇಲೆ ಸೊಸೆಯನ್ನು ಕರೆದುಕೊಂಡು ಆಸ್ಪತ್ರೆ. ಉಷಾರಾಣಿಗೆ ಈಗ ಆರನೇ ತಿಂಗಳು. ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದ್ದು ಒಂದೇ ಮಾತು — ಬೆಡ್ ರೆಸ್ಟ್. ಬಸ್ಸು, ಕಾರು, ಆಟೋ ಯಾವುದೂ ಕೂಡದು.

"ಕ್ರಿಸ್‌ಮಸ್ಸಿಗೆ ಮಡಕಶಿರಕ್ಕೆ ಒಂದ್ಸಲ ಹೋಗ್ಬರ್ಬೋದಾ ಮೇಡಂ? ನಮ್ಮಮ್ಮ ಕಾಯ್ತಿರ್ತಾಳೆ," ಎಂದಳು ಉಷಾ. ಆ ಯಮ್ಮ ನಕ್ಕುಬಿಟ್ಟಳು. ನಗುವುದೇನಿದೆ ಅದರಲ್ಲಿ? ನನಗೆ ಪಿತ್ತ ನೆತ್ತಿಗೇರಿತು. ಮದುವೆಯಾದ ಏಳು ವರ್ಷದಲ್ಲಿ ಈ ಹುಡುಗಿ ಒಂದು ಕ್ರಿಸ್‌ಮಸ್ಸಿಗೂ ತವರು ತಪ್ಪಿಸಿಲ್ಲ. ಮಗ ಸಿದ್ದರಾಮೇಶ ಇವಳನ್ನೇ ಆಗುತ್ತೇನೆ ಎಂದು ಹಟ ಹಿಡಿದಾಗ ಆದ ಮಾತು ಅದು — ನಮ್ಮ ಹಬ್ಬ ರಾಯದುರ್ಗದಲ್ಲಿ, ಅವಳ ಹಬ್ಬ ಮಡಕಶಿರದಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗುತ್ತಾಳೆ, ಕಜ್ಜಾಯದ ಡಬ್ಬಿ ಹೊತ್ತು ಬರುತ್ತಾಳೆ. ಯಾರಿಗೂ ತಂಟೆ ಇಲ್ಲ.

ಸಂಜೆ ಮೊಮ್ಮಗಳು ಶಿರಿಷಾ ಬಂದು ನಿಂತಳು. ಆರು ವರ್ಷ, ಬಾಯಿ ಅರವತ್ತರದ್ದು.

"ಅಜ್ಜಿ, ಈ ವರ್ಷ ಕ್ರಿಸ್‌ಮಸ್ ಬರಂಗಿಲ್ಲೇನು?"

ಅವಳ ತಮ್ಮ ವಾಗೀಶ, ನಾಲ್ಕು ವರ್ಷದವನು, ಅಕ್ಕನ ಮುಖ ನೋಡಿಯೇ ರಾಗ ತೆಗೆದ. ಕೋಣೆಯಲ್ಲಿ ಉಷಾ ಗೋಡೆ ಕಡೆ ತಿರುಗಿ ಮಲಗಿದ್ದಳು. ಹೆಗಲು ಅಲುಗುತ್ತಿತ್ತು.

"ಯಾಕ ಬರಂಗಿಲ್ಲ? ಇಲ್ಲೇ ಬರತೈತಿ," ಅಂದುಬಿಟ್ಟೆ.

ಅಂದಮೇಲೆ ಮುಗಿಯಿತು.

ಡಿಸೆಂಬರ್ 15, ಭಾನುವಾರ

ಇವರಿಗೆ ಹೇಳಿದೆ. "ನೋಡೋಣು," ಎಂದರು. ಪೇಪರಿನಿಂದ ತಲೆ ಎತ್ತಲಿಲ್ಲ. ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ ಈ ನೋಡೋಣು. ಏನು ನೋಡಿದರೋ ಇಷ್ಟು ವರ್ಷ!

ಬಜಾರಿಗೆ ಹೋದೆ. ಪ್ಲಾಸ್ಟಿಕ್ ನಕ್ಷತ್ರ. ಮುಟ್ಟಿದರೆ ಮುರಿಯುತ್ತದೆ. ಅದಕ್ಕೆ ಅವನು ಹೇಳುವ ರೇಟು ಕೇಳಿದರೆ ನಿಜವಾದ ನಕ್ಷತ್ರವೇ ಇಳಿಸಿ ಕೊಡುತ್ತಾನೇನೋ ಅನ್ನಬೇಕು. ಥೂ. ಮಗ ಜೀನ್ಸ್ ಹೊಲಿಸುವ ಯೂನಿಟ್ ಇಟ್ಟಿದ್ದಾನೆ, ಕಟಿಂಗ್ ತುಂಡು ಮೂಟೆಗಟ್ಟಲೆ ಬಿದ್ದಿದೆ. ನಾನು ಬಟ್ಟೆ ಅಂಗಡಿಯವರ ಮನೆ ಹೆಂಗಸು. ಎಲ್ಲಾ ಮನೆಯಲ್ಲೇ ಆಗಲಿ ಎಂದು ತೀರ್ಮಾನ ಮಾಡಿದೆ.

ಡಿಸೆಂಬರ್ 17, ಮಂಗಳವಾರ

ಬಿದಿರು ಕಡ್ಡಿ ಕಟ್ಟಿ, ಜೀನ್ಸ್ ಬಟ್ಟೆ ಬಿಗಿದು ಹೊಲಿದೆ. ಐದು ಮೂಲೆ, ಲಕ್ಷಣವಾಗಿ ಬಂತು. ಒಳಗೆ ಬಲ್ಬು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸ್ವಿಚ್ ಹಾಕಿದೆ.

ಕತ್ತಲೆ.

"ಅಜ್ಜಿ, ಕರೆಂಟ್ ಹೋತು," ಎಂದ ವಾಗೀಶ.

ಫ್ಯಾನ್ ತಿರುಗುತ್ತಲೇ ಇದೆ! ಸಿದ್ದರಾಮೇಶ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಯವ್ವಾ, ಜೀನ್ಸ್‌ನ್ಯಾಗಿಂದ ಎಲ್ಲೆರ ಬೆಳಕು ಬರತೈತೇನು?" ಊರಿಗೆ ಊರೇ ಜೀನ್ಸ್ ಹೊಲಿಯುವಲ್ಲಿ ಇದ್ದುಕೊಂಡು ನನಗೆ ಇಷ್ಟು ಹೊಳೆಯಲಿಲ್ಲ. ಸಿಟ್ಟು ಬಂತು. ಅವನ ಮೇಲೆ, ನನ್ನ ಮೇಲಲ್ಲ. ಮೊದಲೇ ಹೇಳಬಾರದಿತ್ತೇ?

ನಕ್ಷತ್ರ ಬಿಚ್ಚಿ ಅವನ ಕೈಗೆ ಕೊಟ್ಟೆ. ಯೂನಿಟ್ಟಿಗೆ ಒಯ್ದು, ಗುಂಡಿ ಕಾಜಾ ಹಾಕುವ ಮಷಿನ್‌ನಲ್ಲಿ ಬಟ್ಟೆ ತುಂಬ ಕಾಜಾ ಹೊಡೆಸಿ ತಂದ. ಈಗ ಸೀಳು ಸೀಳಾಗಿ ಬೆಳಕು ಬರುತ್ತದೆ. ಗೇಟಿಗೆ ಕಟ್ಟಿದೆವು. ಉಷಾ ಕಿಟಕಿಯಿಂದಲೇ ನೋಡಿ, "ಚೆನ್ನಾಗೈತೆ ಅತ್ತೆ," ಎಂದಳು.

ಡಿಸೆಂಬರ್ 19, ಗುರುವಾರ

ಕಾಯಿಪಲ್ಯೆ ತಂದು ನೋಡಿದರೆ ಗೇಟು ಬೋಳು. ನಕ್ಷತ್ರ ಕಾಂಪೌಂಡ್ ಮೂಲೆಯಲ್ಲಿ, ಒಂದು ಮೂಲೆ ಮುರಿದು ಬಿದ್ದಿದೆ. ಇವರ ತಮ್ಮ ಗಾದಿಲಿಂಗಪ್ಪನ ಕೆಲಸ. ಪಕ್ಕದ ಪೋರ್ಷನ್ ಅವನದು, ಗೇಟು ಇಬ್ಬರಿಗೂ ಸೇರಿದ್ದು.

"ಅತ್ತಿಗಿ, ಧನುರ್ಮಾಸ ನಡದೈತಿ. ನಾಳಿಗೆ ಮಠದ ಅಯ್ಯನೋರು ಬರ್ತಾರ. ಗೇಟಿಗೆ ಇದೇನ್ರಿ ಕಟ್ಟೀರಿ?"

"ನಕ್ಷತ್ರ. ಕಣ್ಣು ಕಾಣಂಗಿಲ್ಲೇನು?"

"ಕಾಣತೈತಿ ಅಂತನ ಬಿಚ್ಚೀನ್ರಿ. ನಮ್ಮ ಮನೆತನ ಯಾವ್ದು ನೆನಪೈತೇನು ನಿಮಗ?"

ಮನೆತನ! ನನಗೆ ಹೇಳುತ್ತಾನೆ! ಇವನ ಮಕ್ಕಳ ಬಾಣಂತನ ಮಾಡಿದ ನನಗೆ!

"ಆ ಹುಡುಗಿ ಲಿಂಗ ಕಟ್ಟಿಸ್ಕೊಂಡು ನಮ್ಮನಿಗೆ ಬಂದಾಳ. ಅಕಿ ಕೈ ಅಡಗಿ ನೀನೂ ಉಂಡೀಯಿ, ಎರಡು ಸಲ ಬಡಿಸ್ಕೊಂಡು ಉಂಡೀಯಿ. ನನ್ನ ಮನಿಯಾಗ ಭೇದ ಅನ್ನೋದಿಲ್ಲ, ತಿಳ್ಕೋ! ಭೇದ ಏನಿದ್ರೂ ನಿನ್ನ ಹೊಸ್ತಿಲದಾಚಿಗಿ ಇಟ್ಕೋ!"

ಬೀದಿ ಕೇಳಿತು. ಕೇಳಲಿ. ಇವರು ಅಂಗಡಿಯಿಂದ ಬಂದು ಏನೆಂದರು? ನೋಡೋಣು.

ಉಷಾ ಮಾತ್ರ ಮೆಲ್ಲಗೆ ಅಂದಳು: "ಬ್ಯಾಡ ಅತ್ತೆ. ಈ ಜಗಳ ಬ್ಯಾಡ ಅಂತಾನೇ ನಾನು ವರ್ಷ ವರ್ಷಾನೂ ಅಲ್ಲಿಗೋಗ್ತಿದ್ದಿದ್ದು." ಬೇಡವಂತೆ. ಈಗ ನಾನು ಬಿಡುವುದಿಲ್ಲ. ಮುರಿದ ಮೂಲೆ ಕಟ್ಟಿ ನಡುಮನೆಯ ಬಾಗಿಲಿಗೇ ತೂಗು ಹಾಕಿದೆ. ಈಗ ಬಂದು ಬಿಚ್ಚಲಿ.

ಡಿಸೆಂಬರ್ 22, ಭಾನುವಾರ

ಎರಡು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದರೆ ಪೆನ್ನು ಹಾಳೆ ಹರಿಯುತ್ತದೆ. ಗಾದಿಲಿಂಗಪ್ಪನೊಂದಿಗೆ ಮಾತಿಲ್ಲ.

ಗೋದಲಿ ಮಾಡಿದೆವು, ಯೇಸು ಹುಟ್ಟಿದ ಕೊಟ್ಟಿಗೆ. ದಾರದ ಉಂಡೆ ಬರುವ ರಟ್ಟಿನ ಡಬ್ಬಿಯೇ ಕೊಟ್ಟಿಗೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಮಾಡಿ ಕೈ ಪಳಗಿದೆ, ಎತ್ತು ಸಲೀಸು. ತಾಯಿ, ತಂದೆ ಹೇಗೋ ಆದರು. ಕೂಸು ಮಾತ್ರ ಬೆಲ್ಲದ ಉಂಡೆ ಹಾಗಾಯಿತು. ಒಣಗಲಿ ಎಂದು ಬಿಸಿಲಿಗಿಟ್ಟು ಬಂದರೆ, ವಾಗೀಶ ದೇವರಮನೆಯಿಂದ ವಿಭೂತಿ ಗಟ್ಟಿ ತಂದು ಕೂಸಿನ ಹಣೆಗೆ ಮೂರು ಗೀಟು ಎಳೆದಿದ್ದಾನೆ. ಎತ್ತುಗಳಿಗೂ. "ಪಾಪು ಜಳಕ ಆತಲ್ಲ ಅಜ್ಜಿ," ಎಂದ. ಈ ಮನೆಯಲ್ಲಿ ಜಳಕವಾದ ಮೇಲೆ ಯಾವ ಮಗುವಿಗೆ ವಿಭೂತಿ ಹಚ್ಚದೆ ಬಿಟ್ಟಿದ್ದೇವೆ? ಅಳಿಸಲು ಹೋದೆ, ಉಷಾ ಬೇಡವೆಂದಳು. ಹೊಟ್ಟೆ ಒತ್ತಿ ಹಿಡಿದು ನಕ್ಕಳು. ಒಂದು ವಾರಕ್ಕೆ ಮೊದಲ ನಗು.

ಕೇಕು — ಮೊಟ್ಟೆ ಇಲ್ಲದ್ದು, ಮೊಸರು, ಸೋಡಾ. ಕುಕ್ಕರಿನಲ್ಲಿ ಮರಳು ಹಾಕಿ ಬೇಯಿಸುವುದನ್ನು ಉಷಾ ಮಂಚದಿಂದಲೇ ಹೇಳಿದಳು. ತಳ ಸೀದು ಕರಿ ಆಯಿತು. ಸೀದದ್ದನ್ನೆಲ್ಲ ಇವರೇ ತಿಂದರು. ಒಂದು ಮಾತಾಡದೆ! ಚೆನ್ನಾಗಿಲ್ಲ ಎಂದಾದರೂ ಅನ್ನಬಾರದೇ ಮನುಷ್ಯ?

ಡಿಸೆಂಬರ್ 24, ಮಂಗಳವಾರ

ಎರಡನೇ ಕೇಕು ಸರಿಯಾಯಿತು. ಕರ್ಚಿಕಾಯಿ ಒಂದು ಡಬ್ಬಿ.

ಉಷಾಳ ತಾಯಿ ಅನಂತಮ್ಮ ಬಂದರು. ಮಡಕಶಿರದಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ಅಡುಗೆ ಮಾಡುವವರು, ರಜ ಹಾಕಿ, ಬಸ್ಸು ಬದಲಾಯಿಸಿಕೊಂಡು, ಕಜ್ಜಾಯ ಹೊತ್ತು ಬಂದಿದ್ದಾರೆ. ಮಗಳ ಮಂಚದ ಹತ್ತಿರ ಸ್ವಲ್ಪ ಹೊತ್ತು ಕೂತು, ಪಡಸಾಲೆಗೆ ಬಂದರು. ಕಾಫಿ ಕೊಟ್ಟೆ. ಬಾಗಿಲಾಚೆಯಿಂದಲೇ ನಕ್ಷತ್ರ ನೋಡಿ, ಗೋದಲಿ ನೋಡಿ, ಕಣ್ಣೊರೆಸಿಕೊಂಡರು. "ನಿಮ್ಮಂತೋರು ಸಿಕ್ಕಿದ್ದು ನನ್ ಮಗಳ ಪುಣ್ಯ ಅಕ್ಕಾ."

ಗಾದಿಲಿಂಗಪ್ಪನಿಗೆ ಕೇಳಿಸಿರಬೇಕು. ಕೇಳಿಸಲಿ ಎಂದೇ ಬಾಗಿಲು ತೆಗೆದಿಟ್ಟಿದ್ದೆ.

ಡಿಸೆಂಬರ್ 25, ಬುಧವಾರ, ಬೆಳಗ್ಗೆ ಹನ್ನೊಂದು

ಆ ಶಿರಿಷಾಳ ಬಾಯಿಗೆ ಬೀಗ ಹಾಕಬೇಕು. ಯಾರು ಕಲಿಸುತ್ತಾರೆ ಇದನ್ನೆಲ್ಲ?

ಪಡಸಾಲೆಯಲ್ಲಿ ಅನಂತಮ್ಮ ಮಕ್ಕಳಿಗೆ ಯೇಸು ಹುಟ್ಟಿದ ಕಥೆ ಹೇಳುತ್ತಿದ್ದರು. ಗೋದಲಿ ಮುಂದಿತ್ತು. ನಾನು ಹೊಸ್ತಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದೆ. ತುಂಬಿದ ಬಸುರಿ, ಅವಳ ಗಂಡ, ಊರೂರು ಅಲೆದು ಬಂದು ಛತ್ರದ ಬಾಗಿಲು ತಟ್ಟಿದರಂತೆ. "ಜಾಗ ಇಲ್ಲ, ಓಗ್ರಿ ಅಂದ್ರು. ಕೊಟ್ಟಿಗೇಲಿ ಮಲಿಕ್ಕಂಡ್ರು ಪಾಪ."

"ಯಾಕ ಜಾಗ ಇರಲಿಲ್ಲ ಅಮ್ಮಮ್ಮ?" ವಾಗೀಶ ಕೇಳಿದ. "ಛತ್ರದೋರು ಕೆಟ್ಟೋರಾ?"

ಅನಂತಮ್ಮ ಬಾಯಿ ತೆರೆಯುವಷ್ಟರಲ್ಲಿ ಶಿರಿಷಾ ತಮ್ಮನಿಗೆ ತಿಳಿಹೇಳಿದಳು:

"ಕೆಟ್ಟೋರಲ್ಲೋ. ಇವರಿಗೆ ಲಿಂಗ ಇರಲಿಲ್ಲ, ಅದಕ್ಕ ಒಳಗ ಕರೀಲಿಲ್ಲ. ಹೊರಗ ಕೂಡಿಸಿ ಊಟ ಕೊಟ್ಟಿರ್ತಾರ. ಬ್ಯಾರೆ ಲೋಟದಾಗ ನೀರೂ ಕೊಟ್ಟಿರ್ತಾರ. ಅಜ್ಜಿ ಅಮ್ಮಮ್ಮಗ ಕೊಡ್ತಾಳಲ್ಲ, ಹಂಗ. ಅಜ್ಜಿ ಕೆಟ್ಟಾಕೀನಾ?"

ಕೋಣೆಯಲ್ಲಿ ಉಷಾಳ ಮಂಚ ಕಿರ್ರೆಂದಿತು. ಇವರು ಪೇಪರಿನ ಹಾಳೆ ತಿರುಗಿಸಲಿಲ್ಲ. ಅನಂತಮ್ಮ ನನ್ನ ಕಡೆ ನೋಡಲೇ ಇಲ್ಲ, ಗಡಿಬಿಡಿಯಿಂದ ಕಥೆ ಎಳೆದರು — "ಆಮೇಲೆ ಕುರಿ ಕಾಯೋರು ಬಂದ್ರು ಕಂದಾ, ಕೇಳು…" ನನ್ನ ಮಾನ ಮುಚ್ಚುವುದಕ್ಕೆ!

ಬೇರೆ ಲೋಟ ಇಟ್ಟವಳು ನಾನಲ್ಲ. ನಮ್ಮ ಅತ್ತೆ ಇಟ್ಟ ಪದ್ಧತಿ ಅದು. ಅವರ ಕಾಲದವರು ಹಾಗೆ, ಮಡಿ ಮಡಿ ಎಂದು ಸಾಯುತ್ತಿದ್ದರು.

ಅತ್ತೆ ಸತ್ತು ಹನ್ನೆರಡು ವರ್ಷ. ಅನಂತಮ್ಮ ಈ ಮನೆಗೆ ಬರುತ್ತಿರುವುದು ಏಳು ವರ್ಷದಿಂದ.

ಅದೇ ದಿನ, ಮಧ್ಯಾಹ್ನ

ನಡುಮನೆಯಲ್ಲಿ ಎಲ್ಲರಿಗೂ ಎಲೆ ಹಾಕಿದೆ. ಒಂದು ಹೆಚ್ಚಿಗೆ ಹಾಕಿದೆ. ಪಡಸಾಲೆಗೆ ಹೋಗಿ ಕರೆದೆ.

"ಒಳಗ ಬರ್ರಿ ಅನಂತಮ್ಮ, ಎಲಿ ಹಾಕೀನಿ."

"ಇರ್ಲಿ ಬುಡಿ ಅಕ್ಕಾ. ಇಲ್ಲೇ ಗಾಳಿ ಚೆಂದಾಗೈತೆ."

ಡಿಸೆಂಬರ್ ತಿಂಗಳಲ್ಲಿ ಗಾಳಿ ಬೇಕಂತೆ! ಮತ್ತೆ ಕರೆದೆ. ಮತ್ತೆ ಅದೇ — ಇರ್ಲಿ ಬುಡಿ. ನಾನಾಗಿ ಕರೆಯುತ್ತಿದ್ದೇನೆ, ಬರುವುದಿಲ್ಲವಂತೆ. ಎಷ್ಟು ಸೊಕ್ಕು, ಅಂದುಕೊಂಡೆ. ಹಾಗೇ ಅಂದುಕೊಂಡೆ, ಸುಳ್ಳೇಕೆ ಬರೆಯಲಿ. ನನ್ನ ಎಲೆ ಎತ್ತಿಕೊಂಡು ಹೋಗಿ ಅವರ ಮಗ್ಗುಲಲ್ಲೇ ಕೂತೆ. ಅವರು ತಮ್ಮ ಎಂದಿನ ತಟ್ಟೆ ಹಿಡಿದು ಎದ್ದು ನಿಂತರು.

"ಕೂಡ್ರಿ."

ಕೂಡಲಿಲ್ಲ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿವೆ. ಕೋಣೆಯ ಬಾಗಿಲಿಗೆ ಉಷಾ ಎದ್ದು ಬಂದಿದ್ದಾಳೆ, ಏಳಬಾರದು ಎಂದು ಡಾಕ್ಟರಮ್ಮ ಹೇಳಿದ್ದರೂ. ಗೂಡಿನಲ್ಲಿ ಆ ಬೇರೆ ಲೋಟ ಇತ್ತು. ಬೆಳಗಿನ ಕಾಫಿಯಾದ ಮೇಲೆ ಅನಂತಮ್ಮ ತಾವೇ ತೊಳೆದು ಬೋರಲು ಹಾಕಿದ್ದಾರೆ. ಎಳೆದುಕೊಂಡು, ಕೊಡದಿಂದ ನೀರು ತುಂಬಿ, ಎತ್ತಿ ಕುಡಿಯದೆ, ಕಚ್ಚಿಯೇ ಕುಡಿದೆ. ಈಗಲಾದರೂ ಕೂಡ್ತೀರೋ ಇಲ್ಲೋ ಎಂದು ಜೋರು ಮಾಡಬೇಕೆಂದಿದ್ದೆ.

ಅನಂತಮ್ಮ ಗಾಬರಿಯಾಗಿ ನನ್ನ ಕೈ ಹಿಡಿಯಲು ಬಂದು, ಮುಟ್ಟದೆ, ಹಾಗೇ ನಿಂತರು.

"ಅಯ್ಯೋ, ಬ್ಯಾಡಿ ಅಕ್ಕಾ! ಅದು ನನ್ ಲೋಟ."

ಆ ಲೋಟ ಒಯ್ದು ನಡುಮನೆಯಲ್ಲಿ ನಮ್ಮ ಲೋಟಗಳ ಸಾಲಿನಲ್ಲೇ ಇಟ್ಟೆ.