ಸುಪರ್ದಿಯಲ್ಲಿರುವ ಎಂಟು ಲೈಟು

ನವೆಂಬರ್ 10, ಭಾನುವಾರ

ಇವತ್ತೂ ಕೊಡಲಿಲ್ಲ. ಹನ್ನೊಂದನೇ ಸಲ ಕೇಳಿದ್ದು.

ಶಿರ್ಬೀನಿ ಚಾಚಾ ಸ್ಟೋರ್ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಬೇಯಿಸಿದ ಕಾಳಿನ ಫೂಲ್ ತುಂಬಿದ ರೊಟ್ಟಿ ತಿನ್ನುತ್ತಿದ್ದರು. ಸೊಂಟದಲ್ಲಿ ಬೀಗದಕೈ ಗೊಂಚಲು. ಒಳಗೆ ಎಂಟು ಸ್ಪಾಟ್‌ಲೈಟು. ರಟ್ಟಿನ ಪೆಟ್ಟಿಗೆಯಲ್ಲಿ, ಸೀಲು ಕೂಡ ಒಡೆಯದೆ, ಇಪ್ಪತ್ತೆರಡು ವರ್ಷದಿಂದ.

"ಚಾಚಾ, ಎರಡೇ ಎರಡು ಕೊಡಿ."

"ಇಂಜಿನಿಯರಮ್ಮ, ಅವು ನನ್ನ ಸುಪರ್ದಿ. ಒಂದು ಬಲ್ಬ್ ಸುಟ್ರೂ ನಾನೇ ಜವಾಬ್ದಾರಿ. ಡಿಸೆಂಬರ್ ಮೂರಕ್ಕೆ ನಂಗೆ ಅರವತ್ತು ತುಂಬತ್ತೆ. ಅಲ್ಲೀವರೆಗೂ ಸೀಲ್ ಒಡೆಯೋ ಮಾತಿಲ್ಲ."

"ಹಾಗಾದ್ರೆ ಲೈಟ್ ತಂದಿದ್ದಾದ್ರೂ ಯಾಕೆ?"

"ಇಡೋಕೆ."

ನಗುತ್ತಲೂ ಇರಲಿಲ್ಲ. ನಿಜವಾಗಿ ಅಂದಿದ್ದು.

ಈ ಯೂನಿವರ್ಸಿಟಿಯಲ್ಲಿ ಸೂಜಿಯಿಂದ ಜನರೇಟರ್‌ವರೆಗೆ ಪ್ರತಿ ಸಾಮಾನೂ ಒಬ್ಬ ನೌಕರನ ಹೆಸರಿಗೆ ಬರೆದಿರುತ್ತದೆ. ಕಳೆದರೆ, ಕೆಟ್ಟರೆ ಅವನ ತಲೆಗೆ. ಹೀಗಾಗಿ ಯಾವ ಸಾಮಾನೂ ಕೆಡುವುದಿಲ್ಲ, ಯಾರಿಗೂ ಸಿಗುವುದೂ ಇಲ್ಲ.

ನಮ್ಮ ಸಣ್ಣ ಹಾಲ್‌ನಲ್ಲಿ ಎಂಬತ್ತು ಕುರ್ಚಿ, ನಾಲ್ಕು ಟ್ಯೂಬ್‌ಲೈಟು. ನನ್ನ ನಾಟಕದಲ್ಲಿ ಒಬ್ಬ ಹೆಂಗಸು, ಒಂದು ಬಾಲ್ಕನಿ. ಎದುರುಮನೆಯವಳ ಹತ್ತಿರ ಪ್ರತಿ ಸಂಜೆ ಮಾತಾಡುತ್ತಾಳೆ. ಎದುರುಮನೆಯವಳು ಕಾಣುವುದೇ ಇಲ್ಲ, ಬೆಳಕಿರುವ ಅವಳ ಕಿಟಕಿ ಮಾತ್ರ. ಕೊನೆಗೆ ಆ ಕಿಟಕಿ ಆರುತ್ತದೆ. ಇವಳು ಮಾತು ನಿಲ್ಲಿಸುವುದಿಲ್ಲ. ಅಷ್ಟೇ ನಾಟಕ. ಟ್ಯೂಬ್ ಹಾಕಿದರೆ ಕಿಟಕಿಯ ಬೆಳಕು ಕಾಣುವುದಿಲ್ಲ, ಆರಿಸಿದರೆ ಆ ಹೆಂಗಸಿನ ಪಾತ್ರ ಮಾಡುವ ಮಯ್ಯಾದಾ ಕಾಣುವುದಿಲ್ಲ.

ಡಿಸೆಂಬರ್ 5 ನನ್ನ ಸರದಿ. ವಿದ್ಯಾರ್ಥಿ ನಿರ್ದೇಶಕರಿಗೆ ವರ್ಷಕ್ಕೆ ಒಂದೇ ಸಂಜೆ. ನನಗೆ ಇದು ಕೊನೇ ವರ್ಷ. ಜೂನ್ ಆದಮೇಲೆ ಸೇತುವೆ, ಸಿಮೆಂಟು, ಸೈಟು. ಇದೊಂದೇ ಇರುವುದು.

ನವೆಂಬರ್ 13

ನಮ್ಮ ನಾಟಕದ ಲೈಟು ನೋಡಿಕೊಳ್ಳುವ ಬಿಶೋಯ್ ತುಪ್ಪದ ಡಬ್ಬ ತಂದ. ಐದು ಕಿಲೋದ್ದು. ಒಳಗೆ ಬಲ್ಬ್ ಕೂರಿಸಿ, ಬಾಯಿಗೆ ಬಣ್ಣದ ಹಾಳೆ ಕಟ್ಟಿದ್ದಾನೆ. ಲೈಟಂತೆ.

"ಡಬ್ಬದಲ್ಲಿ ನಾಟಕ ಮಾಡಲ್ಲ ನಾನು," ಅಂದೆ. "ನಿಜವಾದ ಎಂಟು ಲೈಟು ಅಲ್ಲಿ ಕೊಳೀತಾ ಇವೆ."

"ನಿಂಗೆ ಲೈಟ್ ಬೇಕೋ, ಚಾಚಾನ್ನ ಸೋಲಿಸ್ಬೇಕೋ? ಮೊದಲು ಅದನ್ನ ಹೇಳು."

ಜಗಳ. ಡಬ್ಬ ಬಗಲಲ್ಲಿಟ್ಟುಕೊಂಡು ಹೊರಟುಹೋದ. ಮಯ್ಯಾದಾ ಇವತ್ತು ಐದಕ್ಕೇ ಹಾಸ್ಟೆಲ್‌ಗೆ ಹೋಗಬೇಕಿತ್ತು, ಹೋದಳು. ರಿಹರ್ಸಲ್ ಹನ್ನೆರಡು ನಿಮಿಷ ಆಯಿತು. ತಲೆ ಸಿಡಿಯುತ್ತಿದೆ.

ನವೆಂಬರ್ 17

ಬರೆದುಕೊಟ್ಟೆ. ವೈಸ್ ಡೀನ್‌ಗೆ. ಒಂದೂವರೆ ಪುಟ. "ವಿದ್ಯಾರ್ಥಿಗಳ ಉಪಯೋಗಕ್ಕೆಂದು ಬಂದ ಸಾಮಗ್ರಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿದಿರುವ ನೌಕರ…" ಎಂದೆಲ್ಲ. ಓದಿದಾಗ ನನಗೇ ಖುಷಿ. ವಿದ್ಯಾರ್ಥಿ ಕಲ್ಯಾಣದ ಇಖ್ಬಾಲ್ ಮೇಡಂ ಸೀಲು ಹೊಡೆದು ನಂಬರ್ ಹಾಕಿದರು: 412.

ಮಧ್ಯಾಹ್ನದೊಳಗೆ ಷರಾ ಬಂತು. "ಡಿ. 3ರ ಹಸ್ತಾಂತರದ ದಿನ ಸಮಿತಿಯು ಪೆಟ್ಟಿಗೆ ತೆರೆದು, ಲೈಟ್ ಉರಿಸಿ ನೋಡಿ, ವರದಿ ಕೊಡುವುದು."

ಗೆದ್ದೆ. ಎಲ್ಲರಿಗೂ ಬಸ್‌ಬೂಸಾ ಸಿಹಿ ತರಿಸಿದೆ. ಬಿಶೋಯ್ ಮುಟ್ಟಲಿಲ್ಲ. ಬೇಡದಿದ್ದರೆ ಬಿಡಲಿ.

ನವೆಂಬರ್ 18

ಹೇಗೆ ಬರೆಯಲಿ…

ರಿಹರ್ಸಲ್‌ಗೆ ಚಾಚಾ ಬಂದು ಹಿಂದಿನ ಸಾಲಲ್ಲಿ ಕೂತರು. ಯಾವತ್ತೂ ಕೂತವರಲ್ಲ. ಎಲ್ಲರೂ ಹೋದಮೇಲೆ "ಬಾ" ಅಂದರು. ಸ್ಟೋರ್ ತೆಗೆದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಒಳಗೆ ಕಾಲಿಟ್ಟೆ. ಎಂಟು ಪೆಟ್ಟಿಗೆ, ಸಾಲಾಗಿ, ಧೂಳು ಒರೆಸಿ ಇಟ್ಟಿದ್ದರು.

ಒಂದನ್ನು ಎತ್ತಿ ನನ್ನ ಕೈಗಿಟ್ಟರು. ಭಾರವೇ ಇಲ್ಲ.

"ಹಳೇ ಪೇಪರ್ರು, ಥರ್ಮೊಕೋಲು. ಎಂಟರಲ್ಲೂ ಅಷ್ಟೇ."

ಪೆಟ್ಟಿಗೆ ಅಲ್ಲಾಡಿಸಿ ನೋಡಿದೆ.

"ನನ್ನ ಹಿಂದಿನೋನು ಪೆಟ್ಟಿಗೆ ಎಣಿಸಿಕೊಟ್ಟ, ನಾನು ಎಣಿಸಿ ಸಹಿ ಹಾಕ್ದೆ. ಇಲ್ಲಿ ಎಲ್ರೂ ಹಾಗೇ. ಸೀಲಿದ್ರೆ ಮಾಲಿದೆ ಅಂತ ಲೆಕ್ಕ. ಮೂರನೇ ದಿನ ಗುಡಿಸೋವಾಗ ಒಂದನ್ನ ಎತ್ದೆ. ಸೀಲು ಹಾಗೇ ಇತ್ತು, ತಳ ಮಾತ್ರ ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ರು. ಅಷ್ಟೊತ್ತಿಗೆ ಸಹಿ ಒಣಗಿತ್ತು."

"ಹೇಳ್ಬಹುದಿತ್ತಲ್ಲ ಚಾಚಾ."

"ಯಾರಿಗೆ? ಕದ್ದೋನು ನಾನಲ್ಲ. ಕಾಗದದಲ್ಲಿ ಮಾತ್ರ ನಾನೇ. ಮೂರನೇ ತಾರೀಕು ಹೊಸಬ ಬಂದು ಪೆಟ್ಟಿಗೆ ಎಣಿಸಿ ಸಹಿ ಹಾಕ್ತಿದ್ದ. ನಾನು ಮನೆಗೆ ಹೋಗ್ತಿದ್ದೆ. ಈಗ ತೆರೀತಾರೆ. ಪಿಂಚಣಿ ನಿಲ್ಲತ್ತೆ, ಕೇಸೂ ಹಾಕ್ತಾರೆ."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇಪ್ಪತ್ತೆರಡು ವರ್ಷ ಖಾಲಿ ರಟ್ಟು ಕಾದ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ನನ್ನ ಮೇಲೂ ಬಂತು. ಒಂದೂವರೆ ಪುಟ ಬರೆದಿದ್ದೆನಲ್ಲ.

ನವೆಂಬರ್ 19

ದೂರು ವಾಪಸ್ ತಗೊಳ್ಳುತ್ತೇನೆ ಅಂದೆ. ಇಖ್ಬಾಲ್ ಮೇಡಂ ಚಹಾಕ್ಕೆ ನಾಲ್ಕನೇ ಚಮಚ ಸಕ್ಕರೆ ಹಾಕಿ ಕಲಕುತ್ತಿದ್ದರು.

"ನಂಬರ್ ಬಿದ್ದಾಯ್ತಲ್ಲೇ ಹುಡುಗಿ. ನಂಬರ್ ಬಿದ್ದಿರೋ ಕಾಗದ ಮುಂದೆ ಹೋಗತ್ತೆ, ಹಿಂದೆ ಬರಲ್ಲ."

"ಬರೆದಿದ್ದು ನಾನೇ, ಮೇಡಂ. ಈಗ ಬೇಡ ಅಂತಿರೋದೂ ನಾನೇ."

"ಬೇಡ ಅನ್ನೋದನ್ನೂ ಬರ್ಕೊಡು. ಅದಕ್ಕೂ ನಂಬರ್ ಹಾಕ್ತೀನಿ. ಆಮೇಲೆ ಯಾಕೆ ಬೇಡ ಅಂತ ವಿಚಾರಣೆ ಆಗತ್ತೆ."

ಎದ್ದು ಬಂದೆ.

ನವೆಂಬರ್ 27

ಎಂಟು ದಿನ ಬರೆದಿಲ್ಲ. ಬೆರಳಿಗೆಲ್ಲ ಬ್ಯಾಂಡೇಜು.

ಬಿಶೋಯ್‌ಗೆ ಹೇಳಿದೆ. ಹೇಳದೆ ಇನ್ಯಾರಿಗೆ ಹೇಳಲಿ. "ನಾನು ಹೇಳಿರ್ಲಿಲ್ವಾ" ಅನ್ನುತ್ತಾನೆ ಎಂದುಕೊಂಡಿದ್ದೆ, ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದ: "ಸ್ಟೋರ್ ಪಟ್ಟಿಯಲ್ಲಿ ಆ ಲೈಟ್‌ಗಳನ್ನ ಏನಂತ ಬರೆದಿದ್ದಾರೆ?"

ಚಾಚಾ ಪಟ್ಟಿ ತೋರಿಸಿದರು. "ಸ್ಪಾಟ್‌ಲೈಟ್, ಕಪ್ಪು, ಎಂಟು." ಕಂಪನಿ ಹೆಸರಿಲ್ಲ, ಮಾದರಿ ಇಲ್ಲ. ಅಂದರೆ ಕಪ್ಪಗಿದ್ದು ಉರಿಯುವ ಯಾವ ಎಂಟಾದರೂ ಲೆಕ್ಕಕ್ಕೆ ಸರಿಹೋಗುತ್ತದೆ.

ಕೊಶರಿ ಮಾರುವ ಊಟದಂಗಡಿಯಿಂದ ಎಂಟು ತುಪ್ಪದ ಡಬ್ಬ. ಬೇಡ ಅಂದಿದ್ದ ಅದೇ ಡಬ್ಬಗಳನ್ನು ನಾನೇ ಕೂತು ಕತ್ತರಿಸಿದೆ. ಕಪ್ಪು ಬಣ್ಣ ಬಳಿದೆವು. ತಿರುಗಿಸಲು ಹಿಡಿ, ಮಂದ ಮಾಡಲು ಫ್ಯಾನಿನ ರೆಗ್ಯುಲೇಟರು. ಚಾಚಾ ಸ್ಕ್ರೂ ಬಿಗಿಮಾಡುತ್ತಾ "ಕಂಪನಿಯೋರು ಹೀಗೇ ಮಾಡ್ತಿದ್ರೇನೋ" ಅಂದರು. ಸಿಟ್ಟಲ್ಲೂ ನಗು ಬಂತು.

ಇವತ್ತು ಹಾಲ್‌ನ ಮೇಲಿನ ಪೈಪಿಗೆ ಕಟ್ಟಿ ಉರಿಸಿದೆವು. ಟ್ಯೂಬ್ ಆರಿಸಿದಾಗ ಎದುರು ಗೋಡೆಯ ಮೇಲೆ ಕಿಟಕಿ ಮೂಡಿತು. ಹಳದಿ, ಚೌಕ, ಒಳಗೆ ಯಾರೋ ಇದ್ದಾರೆ ಅನ್ನುವಂತೆ. ಮಯ್ಯಾದಾ ಮಾತಾಡುತ್ತಲೇ ಇದ್ದಳು. ಬಿಶೋಯ್ ನಿಧಾನಕ್ಕೆ ರೆಗ್ಯುಲೇಟರ್ ತಿರುಗಿಸಿದ. ಕಿಟಕಿ ಆರಿತು. ನನಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷದಿಂದ ತಲೆಯಲ್ಲಿದ್ದದ್ದು ಮೊದಲ ಸಲ ಕಣ್ಣಿಗೆ ಕಂಡಿದ್ದು.

"ಡಬ್ಬ ಹೇಗಿದೆ ಡೈರೆಕ್ಟರಮ್ಮ?" ಅಂದ ಬಿಶೋಯ್. ಇನ್ನು ಆರು ತಿಂಗಳು ಇದನ್ನೇ ಅನ್ನುತ್ತಾನೆ.

ಡಿಸೆಂಬರ್ 3

ಸಮಿತಿ ಬಂತು. ಮೂರು ಜನ. ಕರೆಂಟಿನ ಇಂಜಿನಿಯರ್ ಬರಬೇಕಿತ್ತು, ರಜೆಯಂತೆ. ಬದಲಿಗೆ ಲೈಬ್ರರಿಯವರು ಬಂದಿದ್ದರು. ಪೆಟ್ಟಿಗೆ ನಾವೇ ಒಡೆದು ಲೈಟ್ ಕಟ್ಟಿಟ್ಟಿದ್ದೇವೆ, ನಿಮಗೆ ಶ್ರಮ ಬೇಡ ಅಂತ ಚಾಚಾ ಹೇಳಿದರು. ಸಮಿತಿಯವರು ಕತ್ತೆತ್ತಿ ಎಣಿಸಿದರು. ಎರಡು ಸಲ.

"ಎಂಟು. ಉರಿಯತ್ವಾ?"

ಉರಿಸಿದೆವು. ಲೈಬ್ರರಿಯವರು ಮೂಗರಳಿಸಿದರು. "ತುಪ್ಪದ ವಾಸನೆ ಬರ್ತಿದೆ."

"ಕ್ಯಾಂಟೀನ್ ಪಕ್ಕದಲ್ಲೇ ಅಲ್ವಾ ಸಾರ್," ಅಂದರು ಚಾಚಾ. ಧ್ವನಿ ಒಂದಿಷ್ಟೂ ನಡುಗಲಿಲ್ಲ. ನಮ್ಮಲ್ಲಿ ಇಷ್ಟು ಚೆನ್ನಾಗಿ ಆ್ಯಕ್ಟ್ ಮಾಡುವವರು ಯಾರೂ ಇಲ್ಲ.

ರುಜು, ಸೀಲು. ಒಂದೊಂದು ಡಬ್ಬದ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ಚಾಚಾ ಬೀಗದಕೈ ಗೊಂಚಲನ್ನು ಹೊಸಬ ವಗೀಹ್‌ಗೆ ಕೊಟ್ಟು, ನನ್ನ ಕಡೆ ತಿರುಗಿ ಎದೆಮೇಲೆ ಕೈಯಿಟ್ಟು ಹೋದರು. ಎದೆ ಹಗುರಾಯಿತು. ಕ್ಲಾಸಿಗೆ ಹೋದೆ.

ಹೋಗಬಾರದಿತ್ತು. ನಾಲ್ಕಕ್ಕೆ ಬಂದರೆ ಪೈಪ್ ಖಾಲಿ. ಎಂಟನ್ನೂ ಇಳಿಸಿ ಸ್ಟೋರ್‌ಗೆ ಹಾಕಿ ಬೀಗ ಜಡಿದಿದ್ದಾನೆ.

"ಪಟ್ಟಿಯಲ್ಲಿ ಇವುಗಳ ಜಾಗ ಸ್ಟೋರ್ ಅಂತಿದೆ," ಅಂದ ವಗೀಹ್.

"ನಾಳಿದ್ದು ನನ್ನ ನಾಟಕ ಇದೆ, ಸಾರ್."

"ಇರ್ಲಿ, ಒಳ್ಳೇದಾಗ್ಲಿ. ಆದ್ರೆ ಇವು ನನ್ನ ಸುಪರ್ದಿ. ಇವತ್ತೇ ಸಹಿ ಹಾಕಿದೀನಿ. ಒಂದು ಬಲ್ಬ್ ಸುಟ್ರೂ…"

ಮೂವತ್ತನಾಲ್ಕು ವರ್ಷದವನು. ನಿವೃತ್ತಿಗೆ ಇನ್ನೂ ಇಪ್ಪತ್ತಾರು ವರ್ಷ ಇದೆ. ಅವು ನಮ್ಮ ಡಬ್ಬಗಳು ಕಣಯ್ಯಾ ಎಂದು ಕೂಗಬೇಕು ಅನ್ನಿಸಿತು. ಕೂಗುವ ಹಾಗಿಲ್ಲ.

ಡಿಸೆಂಬರ್ 4

ಬಿಶೋಯ್ ಹೊಸ ಡಬ್ಬ ನಾಲ್ಕು ಮಾಡಿ ತಂದ. ವಗೀಹ್ ಒಳಗೆ ಬಿಡಲಿಲ್ಲ. "ತುಪ್ಪದ ಡಬ್ಬಕ್ಕೆ ಕರೆಂಟಾ? ಬೆಂಕಿ ಹೊತ್ಕೊಂಡ್ರೆ? ಯೂನಿವರ್ಸಿಟಿದೇ ಒಳ್ಳೇ ಎಂಟು ಲೈಟ್ ಇರೋವಾಗ ಇದ್ಯಾಕೆ?"

"ಹಾಗಾದ್ರೆ ಅವನ್ನ ಕೊಡಿ."

"ಅವು ಸ್ಟೋರಲ್ಲಿರ್ಬೇಕು."

ವೈಸ್ ಡೀನ್: "ಸಹಿ ಅವನದು. ಸುಪರ್ದಿ ವಿಷಯದಲ್ಲಿ ನಾನು ತಲೆ ಹಾಕಲ್ಲಮ್ಮ." ಇಖ್ಬಾಲ್ ಮೇಡಂ: "ದೂರು ಬರೀತೀಯಾ? ತಾ, ನಂಬರ್ ಹಾಕ್ಕೊಡ್ತೀನಿ."



ಡಿಸೆಂಬರ್ 5, ಸಂಜೆ 5.45

ಪರದೆ ಹಿಂದೆ ಕೂತಿದ್ದೇನೆ. ಆರಕ್ಕೆ ಶುರು. ಕುರ್ಚಿಗಳು ಹೆಚ್ಚುಕಡಿಮೆ ತುಂಬಿವೆ. ಅಮ್ಮನೂ ಬಂದಿದ್ದಾಳೆ.

ಈಗಷ್ಟೇ ಚಾಚಾ ಬಂದರು. ಇಸ್ತ್ರಿ ಮಾಡಿದ ಸೂಟು. ಟ್ಯೂಬ್‌ಲೈಟ್ ನೋಡಿದರು, ಖಾಲಿ ಪೈಪ್ ನೋಡಿದರು. ಸ್ಟೋರ್ ಬಾಗಿಲಿಗೆ ಕುರ್ಚಿ ಹಾಕಿ ಕೂತಿದ್ದ ವಗೀಹ್‌ನನ್ನು ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ.

"ವೈಸ್ ಡೀನ್ ಮುಂದಿನ ಸಾಲಲ್ಲೇ ಇದಾರೆ. ಹೋಗಿ ಹೇಳ್ಬಿಡ್ತೀನಿ. ಪೆಟ್ಟಿಗೆ ಖಾಲಿ ಇತ್ತು, ಡಬ್ಬ ಈ ಮಕ್ಕಳದು ಅಂತ. ಬಾಗಿಲು ತೆಗೆಸ್ತಾರೆ. ಕಟ್ಟೋಕೆ ಹತ್ತು ನಿಮಿಷ ಸಾಕಲ್ವಾ?"

"ಆಮೇಲೆ ನಿಮ್ಗೆ?"

"ಆಮೇಲಿಂದು ಆಮೇಲೆ."

ಹೊರಟೇಬಿಟ್ಟರು. ನಾನು ತಡೆಯಲಿಲ್ಲ. ಇಲ್ಲಿ ಸುಳ್ಳು ಬರೆದು ಏನಾಗಬೇಕಿದೆ, ನಾಲ್ಕೈದು ಹೆಜ್ಜೆ ಹೋಗಲು ಬಿಟ್ಟೆ. ಆ ಕಿಟಕಿ ನನಗೆ ಅಷ್ಟು ಬೇಕಿತ್ತು. ಆಮೇಲೆ ಓಡಿಹೋಗಿ ಕೋಟಿನ ತೋಳು ಹಿಡಿದೆಳೆದೆ. ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. "ಬಾಯಿ ಮುಚ್ಕೊಂಡು ನಾಟಕ ನೋಡಿ," ಅಂದೆ. ದೊಡ್ಡವರಿಗೆ ಹಾಗೆ ಅನ್ನಬಾರದು. ಅಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಮಯ್ಯಾದಾಗೆ ಹೇಳಿದೆ: "ಕಿಟಕಿ ಇಲ್ಲ. ಆರೋದನ್ನ ಜನ ನೋಡಲ್ಲ, ನೀನು ನೋಡು. ನೀನು ನೋಡಿದ್ದು ಅವ್ರಿಗೆ ಕಾಣ್ಲಿ."

"ಇದನ್ನ ಮೊದಲ್ನೇ ದಿನವೇ ಹೇಳೋಕಾಗ್ತಿರ್ಲಿಲ್ವಾ, ಸಫಿ?" ಅಂದಳು.



6.02

ಬೆಲ್ ಆಯಿತು. ನಾಲ್ಕೂ ಟ್ಯೂಬ್ ಉರಿಯುತ್ತಿವೆ, ಒಂದು ಗುಂಯ್ ಅನ್ನುತ್ತಿದೆ. ಮಯ್ಯಾದಾ ಬಾಲ್ಕನಿಗೆ ಬಂದಳು. ಕಟಕಟೆಗೆ ಕೈಯೂರಿ ಎದುರಿನ ಬರೀ ಗೋಡೆ ನೋಡಿ ನಕ್ಕಳು, ಅಲ್ಲಿಂದ ಯಾರೋ ಕೈಬೀಸಿದ ಹಾಗೆ. ಇನ್ನೂ ಒಂದು ಮಾತೂ ಆಡಿಲ್ಲ. ಮುಂದಿನ ಸಾಲಿನವರು ತಿರುಗಿ ಗೋಡೆ ನೋಡುತ್ತಿದ್ದಾರೆ. ಚಾಚಾ ನೋಡುತ್ತಿದ್ದಾರೆ. ಸ್ಟೋರ್ ಬಾಗಿಲಲ್ಲಿ ವಗೀಹ್ ಕೂಡ ಕುರ್ಚಿ ಬಿಟ್ಟು ಎದ್ದು, ಕತ್ತು ಉದ್ದ ಮಾಡಿ ಆ ಕಡೆ ನೋಡುತ್ತಿದ್ದಾನೆ.