ಜ್ವರ ಬಿಟ್ಟು ಮತ್ತೆ ಬಂದಾಗ

ಮಂಗಳವಾರ, ಬೆಳಿಗ್ಗೆ

ನನ್ನ ಪ್ರೀತಿಯ ಅಮ್ಮನಿಗೆ,

ಮೊದಲು ಕುರ್ಚಿ ಎಳೆದುಕೊಂಡು ಕುಳಿತುಕೋ. ಅಕ್ಕ ನನ್ನ ಮನೆಯಲ್ಲಿದ್ದಾಳೆ! ಹೌದು, ನಿನ್ನ ದೊಡ್ಡ ಮಗಳೇ. ಅಪ್ಪನ ಹೊಲಿಗೆ ಮಿಷನ್ ಯಾರಿಗೆ ಎಂದು ಕಿತ್ತಾಡಿ ಮೂರು ವರ್ಷ ಮಾತು ಬಿಟ್ಟವಳು, ಈಗ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸುತ್ತಾ ನನ್ನನ್ನು ಬೈಯುತ್ತಿದ್ದಾಳೆ. ಕೇಳಲು ಎಷ್ಟು ಚೆನ್ನಾಗಿದೆ ಗೊತ್ತಾ?

ಈಗ ಹೇಳುವುದನ್ನು ಕೇಳಿ ಹೆದರಬೇಡ, ನಾನು ಹುಷಾರಾಗಿದ್ದೇನೆ. ಫೋನಿನಲ್ಲಾದರೆ ನೀನು ಅರ್ಧ ಕೇಳಿ ಅಳಲು ಶುರು ಮಾಡುತ್ತೀಯ, ಅದಕ್ಕೇ ಪತ್ರ.

ಎರಡು ವಾರದ ಹಿಂದೆ ಮುದ್ರಣಾಲಯದಲ್ಲಿ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದಾಗ ಇದ್ದಕ್ಕಿದ್ದಂತೆ ಚಳಿ ಹತ್ತಿತು. ಸಂಜೆಗೆ ನೂರಾ ಎರಡು ಜ್ವರ, ಒಣಕೆಮ್ಮು, ಮೈಕೈಯೆಲ್ಲ ಬಡಿದು ಹಾಕಿದ ಹಾಗೆ. ಬರೀ ಶೀತವಾದರೆ ಮೆಲ್ಲಗೆ ಬರುತ್ತದೆ, ಇದು ಬಾಗಿಲು ತಳ್ಳಿಕೊಂಡೇ ಬಂತು. ಫ್ಲೂ ಇರಬೇಕೆಂದು ಜ್ವರದ ಮಾತ್ರೆ ನುಂಗಿ, ನೀರು ಗಂಜಿ ಕುಡಿದು ಮಲಗಿದೆ. ಐದನೆಯ ದಿನ ಜ್ವರ ಬಿಟ್ಟಿತು. ಪಠ್ಯಪುಸ್ತಕದ ಕೆಲಸ ರಾಶಿ ಬಿದ್ದಿತ್ತು, ಎದ್ದು ಹೋಗಿಬಿಟ್ಟೆ. ಎರಡೇ ದಿನ. ಜ್ವರ ಮತ್ತೆ ಬಂತು, ಉಸಿರೆಳೆದರೆ ಎದೆಯ ಬಲಗಡೆ ಚುಚ್ಚುವ ನೋವು. ನಾನು ಪೆದ್ದಿ, ಜ್ವರದ ಮಾತ್ರೆಯ ಜೊತೆ ಶೀತದ ಮಾತ್ರೆಯನ್ನೂ ನುಂಗಿ ಮುಸುಕೆಳೆದುಕೊಂಡೆ. ಯಾರ ಫೋನನ್ನೂ ಎತ್ತಲಿಲ್ಲ.

ಮುದ್ರಣಾಲಯದ ಮೇಲ್ವಿಚಾರಕರು ಗಾಬರಿಯಾಗಿ ನನ್ನ ಕಡತ ತೆಗೆದಿದ್ದಾರೆ. ತುರ್ತಿಗೆ ಯಾರಿಗೆ ತಿಳಿಸಬೇಕು ಎನ್ನುವಲ್ಲಿ ಅಕ್ಕನ ನಂಬರು. ಆ ಫಾರಂ ಪ್ರತಿ ವರ್ಷ ಹೊಸದಾಗಿ ತುಂಬುತ್ತೇವಮ್ಮ. ಪ್ರತಿ ವರ್ಷವೂ ಅವಳದ್ದನ್ನೇ ಬರೆದಿದ್ದೆ. ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ಅಕ್ಕ ಬಸ್ಸನ್ನು ಡಿಪೋದಲ್ಲಿ ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿ ಫೋನ್ ಮಾಡಿದಳು. ಅವಳ ನಂಬರು ಕಂಡು ಎತ್ತಿದೆ. ಏನೂ ಆಗಿಲ್ಲ, ಬರೀ ಫ್ಲೂ ಎಂದೆ.

"ಇಷ್ಟು ಹೇಳೋಕೆ ಮೂರು ಸಲ ಉಸಿರು ತಗೊಂಡೆ ನೀನು. ಚಿಲಕ ತೆಗೆದಿಡು, ಬರ್ತಿದೀನಿ," ಎಂದಳು.

ಡಿಪೋದಲ್ಲಿದ್ದ ಬಟ್ಟೆ ಚೀಲ ಹೆಗಲಿಗೇರಿಸಿ ಯೂನಿಫಾರಂನಲ್ಲೇ ಬಂದಳು. ಮಾತ್ರೆಗಳ ಹಾಳೆ ತಿರುಗಿಸಿ ಓದಿ, ಎರಡರಲ್ಲೂ ಇರುವುದು ಒಂದೇ ಔಷಧಿ, ಲಿವರ್ ಹಾಳಾದರೆ ಯಾರು ಗತಿ ಎಂದು ಬೈಯುತ್ತಲೇ ನನ್ನನ್ನು ಮೆಟ್ಟಿಲಿಳಿಸಿದಳು. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದರೆ ಆಮ್ಲಜನಕ ತೊಂಬತ್ತಕ್ಕೆ ಇಳಿದಿದೆ! ಬಲ ಶ್ವಾಸಕೋಶಕ್ಕೆ ನ್ಯುಮೋನಿಯಾ. ಫ್ಲೂಗೆ ಆಂಟಿಬಯಾಟಿಕ್ ನಾಟುವುದಿಲ್ಲ, ಆದರೆ ಅದರ ಬೆನ್ನಿಗೆ ಬಂದ ಇದಕ್ಕೆ ಬೇಕೇಬೇಕು ಎಂದರು ಡಾಕ್ಟರಮ್ಮ. ಜ್ವರ ಬಿಟ್ಟು ಮರಳಿ ಬಂದರೆ, ಉಸಿರು ಕಟ್ಟಿದರೆ, ಮಾತು ತಡವರಿಸಿದರೆ ಮನೆಯಲ್ಲಿ ಕಾಯುತ್ತಾ ಕೂರಬಾರದಂತೆ.

ನಾಲ್ಕು ದಿನ ಆಸ್ಪತ್ರೆ. ಅಕ್ಕ ಪಕ್ಕದ ಕುರ್ಚಿ ಬಿಟ್ಟು ಕದಲಲಿಲ್ಲ. ಮೂರನೆಯ ದಿನ ಕಿಟಕಿ ಕಡೆ ನೋಡುತ್ತಾ, "ಮಿಷನ್ ನೀನೇ ಇಟ್ಕೊಳ್ಳೇ. ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ," ಎಂದಳು. ನನಗೂ ಬರುವುದಿಲ್ಲ ಎಂದೆ. ಇಬ್ಬರೂ ನಕ್ಕೆವು, ನಾನು ಕೆಮ್ಮಿ ಕೆಮ್ಮಿ ಸುಸ್ತಾದೆ. ನರ್ಸ್ ಬಂದು ಅಕ್ಕನನ್ನು ಹೊರಗೆ ಕಳಿಸಿದರು. ಬಾಗಿಲ ಗಾಜಿನಾಚೆಯೂ ಅವಳು ನಗುತ್ತಲೇ ಇದ್ದಳು.

ಇವತ್ತು ಎರಡು ಮಹಡಿ ನಿಲ್ಲದೆ ಹತ್ತಿದೆನಮ್ಮ! ಅಕ್ಕ ಹಿಂದಿನಿಂದ ನನ್ನ ಉಸಿರು ಎಣಿಸುತ್ತಾ ಬಂದಳು.

ನಿನ್ನ ಮುದ್ದಿನ,
ಚಿಕ್ಕವಳು

ಮತ್ತೊಂದು ಮಾತು: ಸಂಜೆಯಾಯಿತು, ಲಕೋಟೆ ಇನ್ನೂ ಅಂಟಿಸಿಲ್ಲ. ಮಧ್ಯಾಹ್ನದಿಂದ ಅಕ್ಕನಿಗೆ ಚಳಿ, ನೂರಾ ಒಂದು ಜ್ವರ. ನಿನಗೆ ಹೇಳಕೂಡದು ಎಂದು ಆಣೆ ಹಾಕಿಸಿದ್ದಾಳೆ. ಡಾಕ್ಟರಮ್ಮನಿಗೆ ಆಗಲೇ ತಿಳಿಸಿದ್ದೇನೆ. ಮಾತ್ರೆ ಒಂದೇ ಬಗೆಯದು, ಕೊಟ್ಟ ಹೊತ್ತು ಚೀಟಿಯಲ್ಲಿ ಬರೆಯುತ್ತಿದ್ದೇನೆ. ನಿನಗೆ ಸಕ್ಕರೆ ಕಾಯಿಲೆ, ನಾವಿಬ್ಬರೂ ಸುಧಾರಿಸುವ ತನಕ ಈ ಕಡೆ ಬರಬೇಡ. ಅವಳಿಗೆ ಹೀಗಾಗಲೆಂದು ನಾನು ಖಂಡಿತ ಬಯಸಿರಲಿಲ್ಲ. ಆದರೆ ನಾಳೆ ಹೊರಡುತ್ತೇನೆಂದು ಚೀಲ ತುಂಬಿಟ್ಟಿದ್ದಳಮ್ಮ. ಅವಳು ನಿದ್ದೆ ಹೋದ ಮೇಲೆ ಬಟ್ಟೆಯನ್ನೆಲ್ಲ ತೆಗೆದು ನನ್ನ ಬೀರುವಿನಲ್ಲಿ ಮಡಿಸಿಟ್ಟಿದ್ದೇನೆ.