ಮೈದುನನ ಕುರ್ಚಿ

ಮಾರ್ಚ್ ೧೨, ಬುಧವಾರ

ಈ ಮನೆಗೆ ಹಿರಿಯಳು ನಾನು. ನಾನು ಕೂರದೆ ಯಾರೂ ಉಣ್ಣುವುದಿಲ್ಲ, ಎಲ್ಲರೂ ಬಾರದೆ ನಾನು ಉಣ್ಣುವುದಿಲ್ಲ. ಇವತ್ತು ಮಧ್ಯಾಹ್ನವೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಇಸ್ಪೀಟಾಡಲು ಹೋದ ಮೈದುನನಿಗಾಗಿ ಕಾದೆ. ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರು, ವಾಕರಿಕೆ, ಕೈಕಾಲಲ್ಲಿ ಬಲವೇ ಇಲ್ಲ. ಆಗ ಬಂದವನು ಸೊಸೆಯಂದಿರ ಮುಂದೆಯೇ, "ನಾಟಕ ಚೆನ್ನಾಗಿದೆ ಅತ್ತಿಗೆ, ಟಿಕೆಟ್ ಎಷ್ಟು?" ಎಂದ.

ಸೊಸೆಯಂದಿರು ಕರೆಸಿದ ಡಾಕ್ಟರು ಪರೀಕ್ಷೆ ಮಾಡಿ, "ಹೃದಯದ ತೊಂದರೆಯಿಂದಲೂ ಹೀಗಾಗಬಹುದು, ಹೊಟ್ಟೆ ಕೆಟ್ಟರೂ ಆಗಬಹುದು. ಆದರೆ ನಿಮಗೆ ಸಕ್ಕರೆ ಇಳಿದಿದೆ ಅಮ್ಮ. ಮಾತ್ರೆ ನುಂಗಿದ ಮೇಲೆ ಯಾರಿಗೂ ಕಾಯಬೇಡಿ" ಎಂದರು.

ಕಾಯಲಿಲ್ಲ. ರಾತ್ರಿ ಮೊದಲು ನಾನೇ ಉಂಡೆ. ಆಮೇಲೆ ಬಂದವನು ತನ್ನ ಕುರ್ಚಿ ಹುಡುಕಿದ. ಸೊಸೆಯಂದಿರು ತಟ್ಟೆಯನ್ನು ಅವನ ಕೈಗೇ ಕೊಟ್ಟರು. ನಿಂತೇ ಉಂಡ.

ಕುರ್ಚಿ ನನ್ನ ಕೋಣೆಯಲ್ಲಿದೆ. ಅದರ ಮೇಲೆ ಕಾಲು ಚಾಚಿಕೊಂಡೇ ಇದನ್ನು ಬರೆಯುತ್ತಿದ್ದೇನೆ.